ಗೇರ್‌ಬಾಕ್ಸಿನ ಬಿಸಿಗೂ ಒಂದು ಅಳತೆ

ಯಂತ್ರಕ್ಕೆ ಬಿಸಿಯೇ ಶತ್ರು, ತಂಪಾದಷ್ಟೂ ಒಳ್ಳೆಯದು ಎಂದು ನಾವು ತಿಳಿದಿರುತ್ತೇವೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಮಟ್ಟಿಗೆ ಇದು ಅರ್ಧ ಸತ್ಯ. ಅದರ ಆಯಿಲ್ ಅತಿಯಾಗಿ ಕಾದರೂ ನಷ್ಟ, ತಣ್ಣಗೇ ಉಳಿದರೂ ನಷ್ಟ.

ಕೈಯಿಂದ ಗೇರ್ ಹಾಕುವ ಸಾಮಾನ್ಯ ಕಾರಿಗೆ ಈ ಚಿಂತೆ ಕಡಿಮೆ. ಹೊರಗಿನ ಗಾಳಿಯೇ ಅದರ ಗೇರ್‌ಬಾಕ್ಸನ್ನು ತಣಿಸುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಬಂದ ಎ.ಎಂ.ಟಿ. ಕೂಡ ಮೂಲತಃ ಅದೇ ಜಾತಿಯದು. ಆದರೆ ಬಿಡದಿಯಲ್ಲಿ ತಯಾರಾಗಿ 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ ಆಟೊಮ್ಯಾಟಿಕ್ ಹಾಗಲ್ಲ. ಅಲ್ಲಿ ಟಾರ್ಕ್ ಕನ್ವರ್ಟರಿನೊಳಗೆ ಸುತ್ತುವ ಆಯಿಲೇ ಇಂಜಿನ್ನಿನ ಬಲವನ್ನು ಮುಂದಕ್ಕೆ ದಾಟಿಸುತ್ತದೆ. ನಲ್ಲೂರಿನಿಂದ ಮಂಗಳೂರಿಗೆ ಹೋದ ಕುಟುಂಬ ಹಿಂತಿರುಗುವಾಗ ಆಗುಂಬೆಯ 14 ತಿರುವುಗಳನ್ನು ತುಂಬಿದ ಗಾಡಿಯಲ್ಲಿ ನಿಧಾನವಾಗಿ ಹತ್ತುತ್ತದೆ ಎನ್ನಿ. ಆಗ ಆ ಆಯಿಲ್ ಕಡೆದಂತಾಗಿ ಕಾಯುತ್ತದೆ.

ಅದನ್ನು ತಣಿಸಲು ಕೂಲರ್ ಇದೆ. ಕೆಲವು ಗಾಡಿಗಳಲ್ಲಿ ಅದು ರೇಡಿಯೇಟರಿನೊಳಗೆ, ಕೆಲವುಗಳಲ್ಲಿ ಪ್ರತ್ಯೇಕವಾಗಿ ಇರುತ್ತದೆ. ಹಲವು ಗಾಡಿಗಳಲ್ಲಿ ಕೂಲರಿಗೆ ಮೊದಲು ಬೈಪಾಸ್ ವಾಲ್ವ್ ಇರುತ್ತದೆ. ಅಡಿಕೆ ತೋಟದ ಗೇಟ್ ವಾಲ್ವನ್ನು ನೆನೆಯಿರಿ: ಪಂಪಿನ ನೀರು ನಿಲ್ಲುವುದಿಲ್ಲ, ದಾರಿ ಮಾತ್ರ ಬದಲಾಗುತ್ತದೆ. ತಣ್ಣಗಿನ ಆಯಿಲ್ ಮಂದ. ಅದು ಕೂಲರಿಗೆ ಹೋಗದೆ ನೇರ ಗೇರ್‌ಬಾಕ್ಸಿಗೆ ಮರಳಿ ಬೇಗ ಬಿಸಿಯಾಗುತ್ತದೆ. ಕಾದ ಮೇಲೆ ವಾಲ್ವಿನೊಳಗಿನ ಮೇಣ ಕರಗಿ ಹಿಗ್ಗುತ್ತದೆ, ಕಡ್ಡಿಯನ್ನು ತಳ್ಳಿ ಕೂಲರಿನ ದಾರಿ ತೆರೆಯುತ್ತದೆ. ತಣಿದರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ದೂಡುತ್ತದೆ. ಕೂಲರ್ ಕಟ್ಟಿಕೊಂಡಾಗ ಒತ್ತಡಕ್ಕೆ ತೆರೆಯುವ ಬೈಪಾಸೂ ಕೆಲವು ಗಾಡಿಗಳಲ್ಲಿದೆ. ನಮ್ಮ ಸೂಳೆಕೆರೆಗೆ ಕೋಡಿ ಇದ್ದಂತೆ ಅದು.

ಈ ವಾಲ್ವ್ ಬೈಪಾಸ್ ಕಡೆಗೇ ಸಿಕ್ಕಿಬಿದ್ದರೆ ಕೂಲರ್ ಚೆನ್ನಾಗಿದ್ದರೂ ಗೇರ್‌ಬಾಕ್ಸ್ ಬೇಯುತ್ತದೆ. ರೇಡಿಯೇಟರಿನೊಳಗಿನ ಕೂಲರ್ ಬಿರುಕು ಬಿಟ್ಟರೆ ಕೂಲಂಟ್ ನೀರು ಆಯಿಲಿಗೆ ಸೇರಿ ಹಾಲು ಬೆರೆಸಿದಂತಾಗುತ್ತದೆ. ಆ ಬಣ್ಣ ಕಂಡರೆ ಗಾಡಿ ಓಡಿಸಬೇಡಿ.

ಗ್ಯಾರೇಜಿನ ಸಹೋದರರಿಗೆ ಒಂದು ಮಾತು. ಕೆಟ್ಟ ಗೇರ್‌ಬಾಕ್ಸಿನ ಲೋಹದ ಪುಡಿ ಕೂಲರಿನಲ್ಲಿ ಉಳಿದಿರುತ್ತದೆ. ತಣ್ಣಗಿರುವಾಗ ತೊಳೆದರೆ ದ್ರವ ಬೈಪಾಸಿನಲ್ಲೇ ಸುತ್ತಿ ಬರುತ್ತದೆ, ಕೂಲರ್ ಕೊಳೆಯಾಗಿಯೇ ಇರುತ್ತದೆ. ಅದಕ್ಕೆ ಹೊಸ ಗೇರ್‌ಬಾಕ್ಸ್ ಜೋಡಿಸಿದರೆ ಆ ಪುಡಿ ಇದನ್ನೂ ತಿನ್ನುತ್ತದೆ. ಗ್ರಾಹಕನಿಗೆ ಇದು ಕಾಣುವುದಿಲ್ಲ, ಅಲ್ಲಾಹನಿಗೆ ಕಾಣುತ್ತದೆ. ಕಾಣದ ಕೆಲಸವನ್ನೂ ಸರಿಯಾಗಿ ಮಾಡುವುದೇ ಅಮಾನತ್.

ಗಾಡಿ ಓಡಿಸುವವರ ಕರ್ತವ್ಯವೂ ಇದೆ. ಗೇರ್‌ಬಾಕ್ಸ್ ಬಿಸಿಯ ದೀಪ ಹತ್ತಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, 'ಪಿ'ಗೆ ಹಾಕಿ, ಇಂಜಿನ್ ಚಾಲೂ ಇಟ್ಟು ದೀಪ ಆರುವವರೆಗೆ ಕಾಯಿರಿ. ಇಂಜಿನ್ ನಡೆಯುತ್ತಿದ್ದರೆ ಮಾತ್ರ ಆಯಿಲ್ ಸುತ್ತಿ ತಣಿಯುತ್ತದೆ. ಆರದಿದ್ದರೆ ಮೆಕ್ಯಾನಿಕ್‌ನನ್ನು ಕರೆಯಿರಿ. ಆಯಿಲ್ ಯಾವುದು, ಎಷ್ಟು ಎಂಬುದನ್ನು ಗಾಡಿಯ ಪುಸ್ತಕ ನೋಡಿಯೇ ಹಾಕಿಸಿ. ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಕ್ಕಳೂ ನಿಮ್ಮ ಕೈಗೆ ಬಂದ ಅಮಾನತೇ.

ಪವಿತ್ರ ಕುರ್‌ಆನಿನ ಅರ್ರಹ್ಮಾನ್ ಅಧ್ಯಾಯದ ಆರಂಭದಲ್ಲೇ ಮೀಝಾನ್, ಅಂದರೆ ತಕ್ಕಡಿಯ ಪ್ರಸ್ತಾಪವಿದೆ. ಅಳತೆ ಮೀರದಿರುವ ಆ ಪಾಠವನ್ನು ಬೆರಳುದ್ದದ ವಾಲ್ವೊಂದು ನಮಗೆ ನೆನಪಿಸಿದರೆ ಅದೂ ಒಳ್ಳೆಯದೇ.