ಒಂದು ರೂಪಾಯಿ ಟಿಕೀಟು: ಬಾಕಿ ತೆತ್ತವರು ಯಾರು?



ಖಡಕಿಯ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವವನಿಗೂ ಗಿರಣಿಯಲ್ಲಿ ಮಗ್ಗ ನಡೆಸುವವನಿಗೂ ವಿಮಾನದ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಲೋಹಗಾಂವದಿಂದ ಏರಿದ ವಿಮಾನವನ್ನು ನಾವು ತಲೆಯೆತ್ತಿ ನೋಡುತ್ತೇವೆ. ಊರಿಗೆ ಹೋಗುವಾಗ ಮಾತ್ರ ಮೀರಜದ ಮೇಲಿನ ರೈಲನ್ನೇ ಹಿಡಿಯುತ್ತೇವೆ. ನಿಜ. ಆದರೆ ಕನ್ನಡ ನಾಡಿನಲ್ಲಿ ಹುಟ್ಟಿದ ಒಂದು ಸಣ್ಣ ವಿಮಾನ ಕಂಪನಿಯ ಕತೆಯಲ್ಲಿ ನಮ್ಮ ಸಂಬಳಕ್ಕೆ ಸಂಬಂಧಪಟ್ಟ ಪಾಠವೊಂದಿದೆ. ಅದನ್ನು ನಮಗೆ ಬೇರೆಯವರು ಹೇಳಲಾರರು, ನಾವೇ ಹೇಳಿಕೊಳ್ಳಬೇಕು.

ಆ ಕಂಪನಿ ಏರ್ ಡೆಕ್ಕನ್. ಕಟ್ಟಿದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪೀನಾಥರು. ಶಾಲಾ ಮಾಸ್ತರರ ಮಗ. ವಿಜಾಪುರದ ಸೈನಿಕ ಶಾಲೆಯಲ್ಲೂ ಬಳಿಕ ನಮ್ಮ ಪುಣೆಯ ಪಕ್ಕದ ಖಡಕವಾಸ್ಲಾದಲ್ಲೂ ಕಲಿತು ಸೈನ್ಯ ಸೇರಿದರು. ಸೈನ್ಯ ಬಿಟ್ಟು ರೇಷ್ಮೆ ಬೆಳೆದರು. ಹಾಸನದಲ್ಲಿ ಉಡುಪಿ ಹೋಟೆಲನ್ನೂ ನಡೆಸಿದರು. 2003ರ ಆಗಸ್ಟಿನಲ್ಲಿ ಅವರ ಚಿಕ್ಕ ಎಟಿಆರ್ ವಿಮಾನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ತಿಂಡಿ ಬೇಕಾದವನು ದುಡ್ಡು ಕೊಟ್ಟು ಕೊಳ್ಳಲಿ, ಬೇಡವಾದವನ ಟಿಕೀಟಿನಲ್ಲಿ ತಿಂಡಿಯ ಹಣ ಸೇರಬಾರದು ಎಂಬುದು ಅವರ ಲೆಕ್ಕ. ಕೆಲವು ಟಿಕೀಟುಗಳನ್ನು ಒಂದೇ ರೂಪಾಯಿಗೆ ಮಾರಿದರು. ನಾಲ್ಕು ವರ್ಷಗಳಲ್ಲಿ 60ಕ್ಕೂ ಹೆಚ್ಚು ಊರುಗಳಿಗೆ ವಿಮಾನ ಹೋಯಿತು. ಮೈಸೂರಿನಲ್ಲಿ ಹುಟ್ಟಿ ಪುಣೆಯಲ್ಲಿ ಕಣ್ಣು ಮುಚ್ಚಿದ ಆರ್. ಕೆ. ಲಕ್ಷ್ಮಣರ ‘ಸಾಮಾನ್ಯ ಮನುಷ್ಯ’, ಚೌಕಳಿ ಕೋಟಿನ ಆ ಮುದುಕಪ್ಪನೇ, ಕಂಪನಿಯ ಗುರುತಾದನು.

ಇದು ಸಣ್ಣ ಕೆಲಸವಲ್ಲ. ವಿಮಾನ ಶ್ರೀಮಂತರ ಸೊತ್ತು ಎಂಬ ಮಾತನ್ನು ಒಬ್ಬ ಕನ್ನಡಿಗ ಸುಳ್ಳು ಮಾಡಿದನೆಂದು ನಾವು ಹೆಮ್ಮೆಪಡಬಹುದು. 2020ರಲ್ಲಿ ಬಂದ ಸೂರ್ಯ ಅವರ ತಮಿಳು ಚಿತ್ರ ‘ಸೂರರೈ ಪೋಟ್ರು’ ಈ ಬದುಕಿನಿಂದಲೇ ಹುಟ್ಟಿದ್ದು. ಚಿತ್ರ ಗೆಲುವಿನಲ್ಲಿ ಮುಗಿಯುತ್ತದೆ, ಜನ ಚಪ್ಪಾಳೆ ತಟ್ಟಿ ಏಳುತ್ತಾರೆ. ದುಡಿದವರ ಕತೆ ಮಾತ್ರ ಆಮೇಲೆ ಶುರುವಾಗುತ್ತದೆ.

ಟಿಕೀಟಿನ ದರ ಇಳಿದಂತೆ ಎಣ್ಣೆಯ ದರ ಇಳಿಯಲಿಲ್ಲ. ನಷ್ಟ ಬೆಳೆಯಿತು. 2007ರ ಮೇ ತಿಂಗಳಲ್ಲಿ ವಿಜಯ ಮಲ್ಯರ ಯುಬಿ ಸಮೂಹ 550 ಕೋಟಿ ರೂಪಾಯಿಗೆ 26 ಶೇಕಡಾ ಪಾಲು ಕೊಂಡಿತು. 2008ರಲ್ಲಿ ಡೆಕ್ಕನ್ ಎಂಬ ಹೆಸರು ಹೋಗಿ ‘ಕಿಂಗ್‌ಫಿಷರ್ ರೆಡ್’ ಆಯಿತು. ಸಾಮಾನ್ಯ ಮನುಷ್ಯ ಸದ್ದಿಲ್ಲದೆ ಕೆಳಗಿಳಿದನು. 2011ರಲ್ಲಿ ಅಗ್ಗದ ಸೇವೆಯನ್ನೇ ನಿಲ್ಲಿಸುವುದಾಗಿ ಮಾಲಿಕರು ಸಾರಿದರು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರಿನ ವಿಮಾನಗಳೆಲ್ಲ ನೆಲ ಹಿಡಿದವು. ಆ ಹೊತ್ತಿಗೆ ನೌಕರರು ಸಂಬಳ ಕಾಣದೆ ತಿಂಗಳುಗಳೇ ಕಳೆದಿದ್ದವು.

ಇಲ್ಲಿ ಪಂಡಿತರು ಒಂದು ನ್ಯಾಯ ಹೇಳುತ್ತಾರೆ: “ವ್ಯಾಪಾರ ಮುಳುಗಿದರೆ ಎಲ್ಲರಿಗೂ ನಷ್ಟ. ಸಂಬಳಗಾರನೂ ತನ್ನ ಪಾಲು ಸಹಿಸಬೇಕು.” ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ನೋಡೋಣ. ಕಂಪನಿ ಸೋಲುತ್ತಿದೆ ಎಂದು ತಿಳಿದ ಕೂಡಲೆ ಎಣ್ಣೆ ಕಂಪನಿಗಳು ಸಾಲ ನಿಲ್ಲಿಸಿ, ದುಡ್ಡು ಮೊದಲು ಎಣ್ಣೆ ಆಮೇಲೆ ಎಂದವು. ವಿಮಾನ ಬಾಡಿಗೆಗೆ ಕೊಟ್ಟವರು ತಮ್ಮ ವಿಮಾನ ತಾವು ಒಯ್ದರು. ಬ್ಯಾಂಕು ಬಡ್ಡಿ ಹಾಕಿತ್ತು, ಅಡವು ಇಟ್ಟುಕೊಂಡಿತ್ತು. ಷೇರುದಾರನು ಲಾಭದ ಆಸೆಗೆ ಹಣ ಹಾಕಿದ್ದನು. ದುಡಿಯುವವನೊಬ್ಬನೇ ತಿಂಗಳಿಡೀ ಮೊದಲು ದುಡಿದು ಆಮೇಲೆ ಕೈಚಾಚುವವನು. ಅವನು ಕೊಟ್ಟದ್ದೂ ಸಾಲವೇ. ಅದಕ್ಕೆ ಬಡ್ಡಿಯಿಲ್ಲ, ಅಡವಿಲ್ಲ. ಲಾಭ ಬಂದಾಗ ಪಾಲು ಕೊಡದವನಿಗೆ ನಷ್ಟದಲ್ಲಿ ಮಾತ್ರ ಪಾಲು ಹಂಚುವುದು ಯಾವ ಊರ ನ್ಯಾಯ?

ಮುಂದೇನಾಯಿತು ನೋಡಿ. 2016ರ ಮಾರ್ಚಿನಲ್ಲಿ ಮಲ್ಯರು ದೇಶ ಬಿಟ್ಟರು. ಅದೇ ವರ್ಷ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕಂಪನಿಯನ್ನು ಮುಚ್ಚಲು ಆಜ್ಞೆ ಮಾಡಿತು. ಸರಕಾರಿ ಬ್ಯಾಂಕುಗಳಿಗೆ 14,131 ಕೋಟಿ ರೂಪಾಯಿ ಮರಳಿತೆಂದು 2024ರ ಡಿಸೆಂಬರಿನಲ್ಲಿ ಹಣಕಾಸು ಸಚಿವರು ಲೋಕಸಭೆಗೆ ತಿಳಿಸಿದರು. ನೌಕರರ ಬಾಕಿಗೆಂದು ಸುಮಾರು 312 ಕೋಟಿ ಬಿಡುಗಡೆಯ ಮಾತು ಬಂದದ್ದು 2025ರ ಡಿಸೆಂಬರಿನಲ್ಲಿ. ವಿಮಾನ ನಿಂತು ಹದಿಮೂರು ವರ್ಷವಾದ ಮೇಲೆ! ಆಗ ಶಾಲೆ ಸೇರಿದ ಮಗು ಈಗ ಕಾಲೇಜು ಸೇರಿದೆ. ಹಸಿವಿಗೆ ಹದಿಮೂರು ವರ್ಷದ ವಾಯಿದೆ ಹಾಕಲು ಬರುತ್ತದೆಯೇ?

ಡೆಕ್ಕನ್ ಹೆಸರು ಮತ್ತೊಮ್ಮೆ ಎದ್ದಿತು. 2017ರಲ್ಲಿ ಸರಕಾರದ ಉಡಾನ್ ಯೋಜನೆಯ ಹಾರಾಟ ಶುರುವಾಯಿತು; ಸುಮಾರು ಒಂದು ಗಂಟೆಯ ಹಾರಾಟದ ಅರ್ಧ ಆಸನಗಳಿಗೆ 2,500 ರೂಪಾಯಿಯ ಮಿತಿ, ಕಂಪನಿಗೆ ಸಹಾಯಧನ. ಅದೇ ಡಿಸೆಂಬರಿನಲ್ಲಿ ಇಪ್ಪತ್ತರೊಳಗಿನ ಆಸನಗಳ ವಿಮಾನಗಳೊಡನೆ ಏರ್ ಡೆಕ್ಕನ್ ನಾಸಿಕ, ಜಳಗಾಂವ, ಮುಂಬಯಿ, ಪುಣೆಗಳ ನಡುವೆ ಕಾಣಿಸಿಕೊಂಡಿತು. 2020ರ ಏಪ್ರಿಲಿನಲ್ಲಿ ಕೊರೋನಾ ಕಾಲಕ್ಕೆ ಹಾರಾಟ ನಿಲ್ಲಿಸಿ, ಎಲ್ಲ ನೌಕರರನ್ನೂ ಸಂಬಳವಿಲ್ಲದ ರಜೆಗೆ ಕಳಿಸಿತು. ಹೆಸರು ಅದೇ, ಮಾಲಿಕರು ಬೇರೆ, ಏಟು ಮಾತ್ರ ಮತ್ತೆ ಅದೇ ಬೆನ್ನಿಗೆ.

ಆದ್ದರಿಂದ ಅಗ್ಗದ ಟಿಕೀಟು ಬೇಡವೆಂದು ನಾವು ಹೇಳುವುದಿಲ್ಲ. ಅಗ್ಗದ ಊಟ ಹಾಕಿಯೇ ನಮ್ಮ ಹೋಟೆಲುಗಳು ಬಡವರ ಹೊಟ್ಟೆ ತುಂಬಿಸಿವೆ. ಆದರೆ ಊಟದ ಬೆಲೆ ಇಳಿಸಿ ಬಡಿಸುವವನ ಕೂಲಿ ಮುರಿದರೆ ಅದು ದಾನವಲ್ಲ. ಒಬ್ಬ ಬಡವನ ತಟ್ಟೆಯಿಂದ ತೆಗೆದು ಇನ್ನೊಬ್ಬನಿಗೆ ಹಾಕಿದಂತೆ.

ನಮ್ಮ ಬೇಡಿಕೆ ಸ್ಪಷ್ಟ. 2016ರ ದಿವಾಳಿ ಸಂಹಿತೆಯಲ್ಲಿ ಕಾರ್ಮಿಕರ 24 ತಿಂಗಳ ಬಾಕಿ ಅಡವಿನ ಸಾಲಗಾರರಿಗೆ ಸಮಾನ. ಉಳಿದ ನೌಕರರಿಗೆ 12 ತಿಂಗಳದ್ದು ಮಾತ್ರ, ಅದೂ ಅವರ ಕೆಳಗೆ. ಈ ಭೇದ ಹೋಗಬೇಕು, ದುಡಿದ ಕೂಲಿ ಎಲ್ಲ ಸಾಲಕ್ಕಿಂತ ಮುಂದೆ ನಿಲ್ಲಬೇಕು. ಸರಕಾರದ ಸಹಾಯಧನ ಪಡೆಯುವ ಪ್ರತಿ ವಿಮಾನ ಕಂಪನಿಯೂ ಮೂರು ತಿಂಗಳ ಸಂಬಳವನ್ನು ಮೊದಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು.

ಕಾನೂನು ಬದಲಾಗುವ ತನಕ ಕೈಕಟ್ಟಿ ಕೂಡಬಾರದು. 2025ರ ನವೆಂಬರಿನಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ ತಿಂಗಳ ಸಂಬಳ ಮರುತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಸೇರದಿದ್ದರೆ ಎಂಟನೇ ದಿನವೇ ಕೇಳಿರಿ, ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿ. ನೇಮಕದ ಪತ್ರ, ಸಂಬಳದ ಚೀಟಿ, ಪ್ರಾವಿಡೆಂಟ್ ಫಂಡಿನ ನಂಬರು ಜೋಪಾನವಿರಲಿ. ವಿಮಾನದ ನೌಕರರು ಓದು ಬರಹ ಬಲ್ಲವರು, ಇಸ್ತ್ರಿ ಉಡುಪಿನವರು. ಅವರೂ ತಿಂಗಳ ಮೇಲೆ ತಿಂಗಳು “ಬರುತ್ತದೆ, ಬರುತ್ತದೆ” ಎಂದು ಕಾದರು. ನಾವು ಅಷ್ಟು ಕಾಯುವುದು ಬೇಡ.