ಸ್ಮಶಾನದ ಲೆಕ್ಕದಿಂದ ಊರಿನ ಜನಗಣತಿ!

ಕಳೆದ ದೀಪಾವಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜೋರಾಪುರ ಪೇಟೆಯ ನಮ್ಮ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಅವನಿಗೆ ನೌಕರಿ. ಹೆಂಡತಿ ಮಕ್ಕಳೊಡನೆ ಮುರುಡೇಶ್ವರಕ್ಕೆ ಹೋಗಿದ್ದವನು, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ತೆರಳಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗಿ ಬಂದಿದ್ದನಂತೆ. ಮೊಬೈಲಿನಲ್ಲಿ ಅದರ ವಿಡಿಯೊ ತೋರಿಸಿದ. ಹವಳದ ಬಂಡೆಗಳ ಸಂದಿನಲ್ಲಿ ಹಳದಿ, ನೀಲಿ ಬಣ್ಣದ ಪುಟ್ಟ ಮೀನುಗಳ ಓಡಾಟವನ್ನು ಕಂಡು ನಾನೂ ಬೆರಗಾದೆ.

"ಸರ್, ಅಲ್ಲಿ ಶಾರ್ಕ್ ಭಾಳ ಅದಾವ್ರಿ" ಎಂದ.

"ಭಾಳ ಅಂದ್ರ ಎಷ್ಟೋ ತಮ್ಮಾ?"

"ನನಗ ಒಂದ ಕಂಡಿತ್ರಿ. ಆದ್ರ ಕರಕೊಂಡ ಹೋದವ್ರು ಭಾಳ ಅದಾವ ಅಂದ್ರು."

ಇಬ್ಬರೂ ನಕ್ಕೆವು. ಅವನು ಹೋದ ಮೇಲೆ ಮಾತ್ರ ನನಗೆ ನಗು ಬರಲಿಲ್ಲ. ಮೂವತ್ತೈದು ವರ್ಷ ವಿಜ್ಞಾನ ಕಲಿಸಿದ ನಾನು ಆ ಹುಡುಗನಿಗೆ ಕಲಿಸಿದ್ದಾದರೂ ಏನು? 'ಬಹಳ' ಎಂಬುದು ಸಂಖ್ಯೆಯಲ್ಲ ಎಂದು ಹೇಳಿಕೊಟ್ಟಿರಲಿಲ್ಲವೆ? ಅವನೊಬ್ಬನನ್ನೇ ಏಕೆ ದೂರಬೇಕು! ನಮ್ಮ ಕಡಲಿನ ವಿಷಯದಲ್ಲಿ ಇಡೀ ನಾಡೇ 'ಬಹಳ' ಮತ್ತು 'ಕಡಿಮೆ' ಎಂಬ ಎರಡು ಪದಗಳಲ್ಲಿ ಸಂಸಾರ ನಡೆಸುತ್ತಿದೆ. ಪ್ರವಾಸದವರಿಗೆ ಮೀನು ಬಹಳ, ಬೆಸ್ತರಿಗೆ ಮೀನು ಕಡಿಮೆ. ಇವರಲ್ಲಿ ಯಾರ ಮಾತು ನಿಜ?

ಓದುಗರು ಕೇಳಬಹುದು: 'ಸಮುದ್ರವೇ ಇಲ್ಲದ ವಿಜಯಪುರದ ಮಾಸ್ತರನಿಗೆ ಶಾರ್ಕ್ ಎಣಿಸುವ ಉಸಾಬರಿ ಏಕೆ?' ಎಣಿಕೆ ನನಗೆ ಹೊಸದಲ್ಲ, ಅದಕ್ಕೆ. 1991ರ ಜನಗಣತಿಯಲ್ಲಿ ನಾನು ಗಣತಿದಾರನಾಗಿದ್ದೆ. ಫೆಬ್ರುವರಿ ತಿಂಗಳ ಬಿಸಿಲಿನಲ್ಲಿ ನಮ್ಮ ಪೇಟೆಯ ಓಣಿ ಓಣಿ ಸುತ್ತಿ, ಬಾಗಿಲು ಬಾಗಿಲು ತಟ್ಟಿ, ಹೊಸ್ತಿಲ ಮೇಲೆ ಕುಳಿತು ಹೆಸರು ಬರೆದುಕೊಂಡವನು. ಒಂದು ಮನೆಯ ಅಜ್ಜಿ ತನ್ನ ಮೊಮ್ಮಕ್ಕಳು 'ಒಂದು ಗಾಡಿ' ಇದ್ದಾರೆಂದು ಹೇಳಿ ಕೈತೊಳೆದುಕೊಂಡಳು. ನಾನು ಬಿಡಲಿಲ್ಲ. ಒಬ್ಬೊಬ್ಬರನ್ನೂ ಅಂಗಳಕ್ಕೆ ಕರೆಸಿ ಎಣಿಸಿದೆ. ಅಂದು ಯಾರಾದರೂ ಬಂದು, 'ಮಾಸ್ತರೆ, ಇಷ್ಟೇಕೆ ತಿರುಗುತ್ತೀರಿ? ಸ್ಮಶಾನಕ್ಕೆ ಹೋಗಿ ಈ ವರ್ಷ ಎಷ್ಟು ಹೆಣ ಬಂದವೆಂದು ಕೇಳಿ, ಊರಿನ ಜನಸಂಖ್ಯೆ ಬರೆದುಬಿಡಿ' ಎಂದಿದ್ದರೆ ನಾನು ಏನೆನ್ನಬೇಕಿತ್ತು?

ಆದರೆ ಮೀನಿನ ವಿಷಯದಲ್ಲಿ ನಾವು ಬಹುಮಟ್ಟಿಗೆ ಮಾಡುತ್ತಿರುವುದು ಅದನ್ನೇ! ನಮ್ಮ ಮುಖ್ಯ ಲೆಕ್ಕವೆಲ್ಲ ಬಂದರಿನ ಲೆಕ್ಕ. ಬಲೆಯಿಂದ ದಕ್ಕೆಗೆ ಬಂದು ಬಿದ್ದ ಮೀನಿನ ಲೆಕ್ಕ. ಎಂದರೆ ಸತ್ತವುಗಳ ಲೆಕ್ಕ. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಬಂದರುಗಳಲ್ಲಿ ಮಾದರಿ ಸಮೀಕ್ಷೆ ನಡೆಸಿ, ಇಳಿದ ಮೀನಿನ ಅಂದಾಜನ್ನು ದಶಕಗಳಿಂದ ಶಿಸ್ತಾಗಿ ಕೊಡುತ್ತ ಬಂದಿದ್ದಾರೆ. ಆ ಕೆಲಸವನ್ನು ನಾನು ಹಳಿಯುವವನಲ್ಲ. ಮೀನುಗಾರಿಕೆಯನ್ನು ಅರಿಯಲು ಅದು ಬೇಕೇ ಬೇಕು. ನನ್ನ ತಕರಾರು ಇರುವುದು, ಅದೊಂದೇ ಸಾಕು ಎನ್ನುವವರ ಮೇಲೆ.

ಏಕೆ ಸಾಲದು? ಬಂದರಿಗೆ ಬಂದ ಮೀನು ಹೆಚ್ಚಾಯಿತೆಂದರೆ ಸಮುದ್ರದಲ್ಲಿ ಮೀನು ಹೆಚ್ಚಾಯಿತೆಂದು ಅರ್ಥವಲ್ಲ. ದೋಣಿಗಳು ಹೆಚ್ಚಾಗಿರಬಹುದು, ಎಂಜಿನ್ ದೊಡ್ಡದಾಗಿರಬಹುದು, ದೋಣಿ ಇನ್ನಷ್ಟು ದೂರ ಹೋಗಿರಬಹುದು. ಬಂದದ್ದು ಕಡಿಮೆಯಾದರೆ ಡೀಸೆಲ್ ದರ ಏರಿ ದೋಣಿಗಳೇ ಕಡಲಿಗೆ ಇಳಿಯದೆ ಇದ್ದಿರಬಹುದು. ಇನ್ನು ಹವಳದ ಸಂದಿನಲ್ಲಿ ಬದುಕುವ ಚಿಟ್ಟೆಮೀನು, ಗಿಣಿಮೀನುಗಳಂಥವು ಮಾರುಕಟ್ಟೆಯ ಬುಟ್ಟಿಗೆ ಬರುವುದೇ ಅಪರೂಪ. ಅವು ಇದ್ದರೂ ಬಂದರಿಗೆ ಗೊತ್ತಾಗದು, ಅಳಿದರೂ ಗೊತ್ತಾಗದು. ಕರಾವಳಿಯವರು ತಾಟೆ ಎನ್ನುವ ಶಾರ್ಕಿನ ಸಂಗತಿ ಇನ್ನೂ ಸೂಕ್ಷ್ಮ. ಬೂತಾಯಿ ಮೀನು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹವಳ ದಿಬ್ಬದ ಕರಿತುದಿ ಶಾರ್ಕ್ ಒಂದು ಸಲಕ್ಕೆ ಹಾಕುವುದು ಎರಡರಿಂದ ಐದು ಮರಿಗಳನ್ನು, ಅದೂ ಬೆಳೆದು ಪ್ರಾಯಕ್ಕೆ ಬರಲು ಹಲವು ವರ್ಷ ಕಾದು. ಅಂಥ ಪ್ರಾಣಿ ಕಡಿಮೆಯಾಯಿತೆಂಬ ಸುದ್ದಿ ಬಂದರಿಗೆ ಮುಟ್ಟುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ!

ಹಾಗಾದರೆ ನೀರಿನೊಳಗಿನ ಜೀವಂತ ಮೀನನ್ನು ಎಣಿಸುವುದು ಹೇಗೆ? ಜಗತ್ತು ಇದಕ್ಕೊಂದು ಉಪಾಯ ಕಂಡುಕೊಂಡು ದಶಕಗಳೇ ಕಳೆದಿವೆ. ಒಂದು ಲೋಹದ ಚೌಕಟ್ಟು. ಅದಕ್ಕೊಂದು ನೀರು ಹೊಗದ ವಿಡಿಯೊ ಕ್ಯಾಮೆರಾ. ಕ್ಯಾಮೆರಾದ ಮುಂದೆ ಚಾಚಿದ ಕೋಲಿನ ತುದಿಗೆ ಜಾಲರಿ ಚೀಲ. ಅದರಲ್ಲಿ ಜಜ್ಜಿದ ಒಂದು ಕಿಲೋದಷ್ಟು ಬೂತಾಯಿಯಂಥ ಎಣ್ಣೆಮೀನು. ಇದನ್ನು ಹಗ್ಗ ಕಟ್ಟಿ ತಳಕ್ಕೆ ಇಳಿಸಿ, ಮೇಲೊಂದು ತೇಲುಬುಂಡೆ ಬಿಟ್ಟು, ಒಂದು ಗಂಟೆಯೋ ಒಂದೂವರೆ ಗಂಟೆಯೋ ಬಿಟ್ಟು ಎತ್ತುತ್ತಾರೆ. ವಾಸನೆ ಹಿಡಿದು ಮೀನು ಬರುತ್ತದೆ, ಶಾರ್ಕೂ ಬರುತ್ತದೆ. ಕ್ಯಾಮೆರಾ ನೋಡುತ್ತದೆ. ಬಲೆಯಿಲ್ಲ, ಗಾಳವಿಲ್ಲ, ನೋಡಿಸಿಕೊಂಡ ಮೀನು ಸಾಯುವುದಿಲ್ಲ. ಎರಡು ಕ್ಯಾಮೆರಾಗಳನ್ನು ನಮ್ಮ ಎರಡು ಕಣ್ಣುಗಳಂತೆ ಜೋಡಿಸಿದರೆ ಮೀನಿನ ಉದ್ದವನ್ನೂ ಅಳೆಯಬಹುದು.

ಒಂದೇ ಶಾರ್ಕ್ ಹತ್ತು ಸಲ ಸುತ್ತಿದರೆ ಹತ್ತು ಎಂದು ಬರೆಯುತ್ತಾರೆಯೆ? ಇಲ್ಲ. ಇದನ್ನು ಮಾಸ್ತರನ ರೀತಿಯಲ್ಲಿ ಹೇಳುತ್ತೇನೆ. ಸಣ್ಣ ಬಿಡುವಿನಲ್ಲಿ ಶಿಕ್ಷಕರ ಕೊಠಡಿಯ ಬಾಗಿಲ ಬಳಿ ಕುಳಿತಿದ್ದೀರಿ. ಹುಡುಗರು ಅತ್ತಿಂದಿತ್ತ ಓಡುತ್ತಿದ್ದಾರೆ. ಕೆಂಪು ಅಂಗಿಯ ಹುಡುಗ ಹೊಸಬನೋ ಆಗಲೇ ಹೋದವನೋ ತಿಳಿಯದು. ಆಗ ಏನು ಮಾಡಬೇಕು? ಒಂದೇ ಕ್ಷಣದಲ್ಲಿ ಬಾಗಿಲಿನಲ್ಲಿ ಒಟ್ಟಿಗೆ ಕಂಡ ಹುಡುಗರ ಅತಿ ದೊಡ್ಡ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಏಳು ಜನ ಒಟ್ಟಿಗೆ ಕಂಡರೆ, ಕಡಿಮೆಯೆಂದರೂ ಏಳು ಹುಡುಗರಿರುವುದು ಖಂಡಿತ. ವಿಡಿಯೊದಲ್ಲಿಯೂ ಇದೇ ನಿಯಮ: ಒಂದು ಜಾತಿಯ ಮೀನು ಒಂದೇ ಚಿತ್ರದಲ್ಲಿ ಅತಿ ಹೆಚ್ಚು ಎಷ್ಟು ಕಂಡಿತೋ ಅಷ್ಟೇ ಲೆಕ್ಕ. ಇದಕ್ಕಿಂತ ಪ್ರಾಮಾಣಿಕವಾದ ಗಣಿತ ಬೇಕೆ?

ಈ ಉಪಾಯದಿಂದ ತಿಳಿದದ್ದಾದರೂ ಏನು? 2020ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಗ್ಲೋಬಲ್ ಫಿನ್‌ಪ್ರಿಂಟ್ ಎಂಬ ಯೋಜನೆಯ ಫಲಿತಾಂಶ ಪ್ರಕಟವಾಯಿತು. 58 ದೇಶ, ಪ್ರಾಂತಗಳ 371 ಹವಳ ದಿಬ್ಬಗಳಲ್ಲಿ ಹೀಗೆ ಕ್ಯಾಮೆರಾ ಇಳಿಸಿ, 15 ಸಾವಿರ ಗಂಟೆಗೂ ಹೆಚ್ಚಿನ ವಿಡಿಯೊ ನೋಡಿದ್ದರು. ಸುಮಾರು ಐದರಲ್ಲೊಂದು ದಿಬ್ಬದಲ್ಲಿ ಒಂದೇ ಒಂದು ಶಾರ್ಕ್ ಕಾಣಲಿಲ್ಲ! 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಮುಂದಿನ ಲೇಖನ, ಹವಳ ದಿಬ್ಬಗಳ ಐದು ಮುಖ್ಯ ಶಾರ್ಕ್ ಜಾತಿಗಳು ಸರಾಸರಿ ಶೇ. 63ರಷ್ಟು ಕುಸಿದಿವೆ ಎಂದು ಅಂದಾಜು ಮಾಡಿತು. ಆದರೆ ಅದೇ ವಿಡಿಯೊಗಳು ಆಶೆಯ ಮಾತನ್ನೂ ಆಡಿದವು. ಎಲ್ಲಿ ಹಿಡಿಯುವುದಕ್ಕೆ ಮಿತಿಯಿತ್ತೋ, ಎಲ್ಲಿ ಕಿವಿರುಬಲೆಗೂ ಉದ್ದಗಾಳಕ್ಕೂ ತಡೆಯಿತ್ತೋ, ಅಲ್ಲಿ ಶಾರ್ಕ್‌ಗಳು ಹೆಚ್ಚು ಕಂಡವು. ರೋಗ ಎಲ್ಲಿದೆಯೆಂದಷ್ಟೇ ಅಲ್ಲ, ಯಾವ ಔಷಧ ನಾಟುತ್ತಿದೆ ಎಂದೂ ಎಣಿಕೆ ಹೇಳಿತು.

ಈಗ ನಮ್ಮ ಮನೆಗೆ ಬರೋಣ. ಮುನ್ನೂರು ಕಿಲೋಮೀಟರಿಗೂ ಉದ್ದದ ಕರಾವಳಿಯಲ್ಲಿ ಹವಳಕ್ಕೆ ಹೆಸರಾದ ನಮ್ಮ ತಾಣವೆಂದರೆ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ. ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿ ಮುಳುಗಿ ಹವಳ, ಮೀನುಗಳ ಪಟ್ಟಿ ಮಾಡಿದ್ದುಂಟು. ಪಟ್ಟಿ ಬೇರೆ, ಎಣಿಕೆ ಬೇರೆ. ಹಾಜರಿ ಪುಸ್ತಕದಲ್ಲಿ ಹೆಸರು ಬರೆದ ಮಾತ್ರಕ್ಕೆ ಹುಡುಗ ದಿನವೂ ಶಾಲೆಗೆ ಬಂದಂತಾಗುವುದಿಲ್ಲ. ಪ್ರತಿದಿನ ಹೆಸರು ಕೂಗಬೇಕಾಗುತ್ತದೆ. ಅದೇ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿತ್ತು, ಪರಿಸರಪ್ರೇಮಿಗಳು ವಿರೋಧಿಸಿದ್ದರು. ಈಗ ಪ್ರವಾಸಿ ದೋಣಿಗಳ ಕಾಲ. ಯಾವುದರಿಂದ ಎಷ್ಟು ಹಾನಿ, ಅಥವಾ ಹಾನಿಯೇ ಇಲ್ಲವೆ? ಮೊದಲಿನ ಎಣಿಕೆ ಕೈಯಲ್ಲಿಲ್ಲದ ವಾದದಲ್ಲಿ ದನಿ ದೊಡ್ಡದಿದ್ದವನೇ ಗೆಲ್ಲುತ್ತಾನೆ.

2001ರಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಜುಲೈಯಲ್ಲಿ ಶಾರ್ಕ್, ತೊರಕೆಗಳನ್ನೆಲ್ಲ ಹಿಡಿಯಕೂಡದೆಂದು ಕೇಂದ್ರದ ಆಜ್ಞೆ ಬಂತು. ಡಿಸೆಂಬರಿನಲ್ಲಿ ಅದು ತಿಮಿಂಗಿಲ ಶಾರ್ಕ್ ಮೊದಲಾದ ಹತ್ತು ಜಾತಿಗಳಿಗೆ ಇಳಿಯಿತು. ಐದು ತಿಂಗಳಲ್ಲಿ 'ಎಲ್ಲವೂ' ಎಂಬುದು 'ಹತ್ತು' ಆಯಿತು! ಕಡಲಿನ ಯಾವ ಭಾಗದಲ್ಲಿ ಯಾವ ಜಾತಿ ಎಷ್ಟು ಉಳಿದಿದೆ ಎಂಬ ಎಣಿಕೆ ಮೇಜಿನ ಮೇಲಿದ್ದಿದ್ದರೆ ಹೀಗೆ ಓಲಾಡುವ ಪ್ರಮೇಯ ಬರುತ್ತಿತ್ತೆ? ಇಂಥ ಓಲಾಟದಲ್ಲಿ ನಲುಗುವವನು ಬೆಸ್ತ. ಇಂದು ಅಪರಾಧಿ, ನಾಳೆ ನಿರಪರಾಧಿ. ಆದ್ದರಿಂದ ಈ ಎಣಿಕೆ ಬೆಸ್ತರ ವಿರುದ್ಧವಾದದ್ದೆಂದು ಯಾರೂ ತಿಳಿಯಬಾರದು. ಅವರ ಪರವಾಗಿ ಸಾಕ್ಷಿ ಹೇಳಬಲ್ಲದ್ದೂ ಅದೇ.

ಆಕ್ಷೇಪಗಳು ಇವೆ, ಬಲ್ಲೆ. ನಮ್ಮ ಕರಾವಳಿಯ ನೀರು ಹಲವು ತಿಂಗಳು ಕಲಕಿರುತ್ತದೆ, ಕ್ಯಾಮೆರಾಕ್ಕೆ ಕಾಣದು ಎನ್ನುತ್ತಾರೆ. ನಿಜ. ತಿಳಿನೀರಿನ ತಿಂಗಳುಗಳಲ್ಲಿ ಇಳಿಸಿ; ಪ್ರವಾಸಿಗರಿಗೆ ಕಾಣುವಾಗ ವಿಜ್ಞಾನಿಗೆ ಕಾಣುವುದಿಲ್ಲವೆ? ಎರೆಯ ವಾಸನೆಗೆ ಬಂದವುಗಳನ್ನು ಎಣಿಸಿದರೆ ನಿಜವಾದ ಸಂಖ್ಯೆ ಹೇಗೆ ಸಿಕ್ಕೀತು ಎನ್ನುತ್ತಾರೆ. ಇದೂ ನಿಜ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಬಂದವರನ್ನು ಎಣಿಸಿ ವಿಜಯಪುರದ ಜನಸಂಖ್ಯೆ ಹೇಳಲಾಗದು. ಆದರೆ ಅದೇ ಜಾತ್ರೆಗೆ, ಅದೇ ದಿನ, ವರ್ಷದಿಂದ ವರ್ಷಕ್ಕೆ ಬರುವವರು ಅರ್ಧಕ್ಕಿಳಿದರೆ ಎಲ್ಲೋ ಏನೋ ಕೆಟ್ಟಿದೆ ಎಂದು ಸಂಶಯ ಪಡಲು ಪಂಡಿತನಾಗಬೇಕಿಲ್ಲ. ಈ ವಿಧಾನ ಕೊಡುವುದು ಹೋಲಿಕೆಯನ್ನು. ಕಾವಲಿಗೆ ಮೊದಲು ಬೇಕಾದದ್ದೂ ಅದೇ.

ಕೊನೆಯದು ಹಣದ ಆಕ್ಷೇಪ. ಇದನ್ನು ಮಾತ್ರ ನಾನು ಒಪ್ಪಲಾರೆ. ಪ್ರವಾಸಿ ಹುಡುಗರು ಹಣೆಗೆ ಕಟ್ಟಿಕೊಳ್ಳುವಂಥ ಕ್ಯಾಮೆರಾ, ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಚೌಕಟ್ಟು, ಒಂದು ಕಿಲೋ ಬೂತಾಯಿ, ಬಾಡಿಗೆ ದೋಣಿ. ವಿಡಿಯೊ ನೋಡಿ ಎಣಿಸಲು ಜನರಿಲ್ಲವೆ? 1969ರಿಂದ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ಕಾರವಾರದಲ್ಲಿ ಕಡಲ ಜೀವಶಾಸ್ತ್ರ ವಿಭಾಗವಿದೆ. ನಮ್ಮದೇ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ನಿನವರು ದೂರದ ಲಕ್ಷದ್ವೀಪದ ಹವಳವನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಅಧ್ಯಯನ ಮಾಡಿಲ್ಲವೆ?

ಇಷ್ಟಕ್ಕೂ ಕ್ಯಾಮೆರಾದಿಂದ ಪ್ರಾಣಿ ಎಣಿಸುವ ಪಾಠವನ್ನು ಭಾರತಕ್ಕೆ ಕಲಿಸಿದ್ದು ಯಾವ ನಾಡು? ಹುಲಿಯ ಹೆಜ್ಜೆಗುರುತು ನೋಡಿ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ, 1990ರ ದಶಕದ ಆರಂಭದಲ್ಲಿ, ನಮ್ಮ ನಾಗರಹೊಳೆಯ ಕಾಡಿನಲ್ಲಿ ಡಾ. ಉಲ್ಲಾಸ ಕಾರಂತರು ಕ್ಯಾಮೆರಾ ಕಟ್ಟಿ, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಸಿದರು. ಹಳೆಯ ಪದ್ಧತಿ ತಪ್ಪೆಂದು ಅವರು ಹೇಳಿದ್ದನ್ನು ಒಪ್ಪಲು ವ್ಯವಸ್ಥೆಗೆ ವರ್ಷಗಳು ಬೇಕಾದವು. ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂಬ ಸತ್ಯ 2005ರಲ್ಲಿ ಬಯಲಾದ ಮೇಲೆ ದೇಶ ಕಣ್ಣು ತೆರೆಯಿತು. ಕಾಗದದ ಮೇಲೆ ಹುಲಿಗಳಿದ್ದವು, ಕಾಡಿನಲ್ಲಿ ಇರಲಿಲ್ಲ! ಕಡಲಿಗೂ ಒಂದು ಸರಿಸ್ಕಾ ಆಗಲೇಬೇಕೆ?

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿವರ್ಷ, ತಿಳಿನೀರಿನ ಅದೇ ತಿಂಗಳಲ್ಲಿ, ನೇತ್ರಾಣಿಯ ಸುತ್ತಿನ ಅದೇ ಜಾಗಗಳಲ್ಲಿ ಕ್ಯಾಮೆರಾ ಇಳಿಯಲಿ. ಎಣಿಕೆ ಕನ್ನಡದಲ್ಲಿ ಪ್ರಕಟವಾಗಲಿ. ಭಟ್ಕಳದ ಬೆಸ್ತನಿಗೂ ವಿಜಯಪುರದ ಎಂಟನೆಯ ತರಗತಿಯ ಹುಡುಗಿಗೂ ಅದು ಸಿಗಲಿ.

ಒಂದು ತಪ್ಪೊಪ್ಪಿಗೆಯೊಂದಿಗೆ ಮುಗಿಸುತ್ತೇನೆ. ಸೇವೆಯಲ್ಲಿದ್ದಷ್ಟು ಕಾಲವೂ ನಾನು ಶಾರ್ಕ್ ಎಂಬ ಪದ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಬಾಯ್ತೆರೆದ ಹಲ್ಲುಗಳ ಚಿತ್ರ ಬರೆದು, 'ನರಭಕ್ಷಕ' ಎಂದು ಹೇಳಿ ಮಕ್ಕಳನ್ನು ಹೆದರಿಸಿದವನು. ಅದು ಎಷ್ಟು ಉಳಿದಿದೆ ಎಂದು ಒಬ್ಬ ಮಗುವೂ ಕೇಳಲಿಲ್ಲ. ಕೇಳುವಂತೆ ನಾನು ಕಲಿಸಲಿಲ್ಲ. ಈ ದೀಪಾವಳಿಗೆ ಆ ಹುಡುಗ ಮತ್ತೆ ಬರುತ್ತಾನೆ. 'ಭಾಳ ಅದಾವ್ರಿ' ಎಂದರೆ ಈ ಸಲ ನಗುವುದಿಲ್ಲ. ಎಷ್ಟು ಎಂದು ಇನ್ನೊಮ್ಮೆ ಕೇಳುತ್ತೇನೆ. ನೀವೂ ಕೇಳಿ.