ಹೆಮ್ಮೆಯ ನಾಯಿ, ಹೆಸರಿಲ್ಲದ ಕುರಿಗಾಹಿ

ಕಳೆದ ವಸಂತದಲ್ಲಿ ನಮ್ಮ ಸದಸ್ಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ವಾರದೊಳಗೆ ಎರಡು ಚರ್ಚೆಗಳು ನಡೆದವು. ಮೊದಲನೆಯದು: ಆಮ್ಸ್ಟೆಲ್‌ವೀನ್‌ನ ನಮ್ಮ ಸದಸ್ಯ ಕುಟುಂಬವೊಂದು ಊರಿನಿಂದ ಮುಧೋಳ ನಾಯಿಯ ಮರಿಯೊಂದನ್ನು ತರಿಸಿಕೊಳ್ಳುವ ಆಸೆಯನ್ನು ಹಂಚಿಕೊಂಡಿತು. ‘ಕನ್ನಡಿಗರ ಹೆಮ್ಮೆ’, ‘ರಾಜ್ಯೋತ್ಸವದ ದಿನ ವೇದಿಕೆಗೇ ಕರೆತನ್ನಿ’ ಎಂಬ ಹಾರೈಕೆಗಳ ಸುರಿಮಳೆಯಾಯಿತು. ಎರಡನೆಯದು: ವೇಲುವೆ ಪ್ರದೇಶದಲ್ಲಿ ತೋಳವೊಂದು ಕುರಿಗಳನ್ನು ಕೊಂದ ಸುದ್ದಿ. ಅದಕ್ಕೆ ನಮ್ಮವರೇ ಬರೆದರು: ‘ತೋಳ ಮೊದಲಿನಿಂದಲೂ ಇಲ್ಲಿಯದು, ರೈತರು ಬೇಲಿ ಹಾಕಿಕೊಳ್ಳಲಿ.’

ನಾವು ಮುಧೋಳ ಸೀಮೆಯ ಹಳ್ಳಿಯೊಂದರಲ್ಲಿ, ಕುರಿ ಸಾಕಿ ಬದುಕಿದ ಮನೆಯಲ್ಲಿ ಹುಟ್ಟಿ ಬೆಳೆದವರು. ಈ ಎರಡೂ ಮಾತುಗಳು ನಮಗೆ ಒಪ್ಪಿಗೆಯಾಗಲಿಲ್ಲ. ಗುಂಪಿನಲ್ಲಿ ವಾದಕ್ಕಿಳಿದರೆ ಹಬ್ಬದ ಊಟದ ಪಂಕ್ತಿಯಲ್ಲಿ ಮುಖ ನೋಡುವುದು ಕಷ್ಟವಾದೀತೆಂದು ಅಂದು ಸುಮ್ಮನಿದ್ದೆವು. ಸುಮ್ಮನಿದ್ದುದು ತಪ್ಪೆಂದು ತೋರಿ ಇಂದು ಬರೆಯುತ್ತಿದ್ದೇವೆ. ನಮ್ಮ ವಾದ ಇಷ್ಟೇ: ಕೆಲಸದಿಂದ ಬೇರ್ಪಟ್ಟ ನಾಯಿಯನ್ನು ಹೊಗಳುವುದೂ, ಕುರಿಗಾಹಿಯನ್ನು ಮರೆತು ತೋಳವನ್ನು ಹೊಗಳುವುದೂ ಒಂದೇ ತಪ್ಪಿನ ಎರಡು ಮುಖಗಳು. ಎರಡರಲ್ಲಿಯೂ ಹಳ್ಳಿಯ ಮನುಷ್ಯ ಚಿತ್ರದಿಂದ ಹೊರಗುಳಿಯುತ್ತಾನೆ.

ಮೊದಲು ನಾಯಿಯ ಮಾತು. ಮುಧೋಳ ನಾಯಿಗೆ ಸಂದ ಗೌರವಗಳು ಸಣ್ಣವಲ್ಲ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆಯವರು ಒಂದು ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿ ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಅಲ್ಲಿಂದ ಮರಿಗಳು ಸೇನೆಯ ತರಬೇತಿಗೂ ಹೋದವು. 2020ರ ಆಗಸ್ಟ್ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಅದರ ಹೆಸರೆತ್ತಿದ ಮೇಲಂತೂ ಮರಿಗಳನ್ನು ಕೇಳಿ ಬರುವವರ ಸಂಖ್ಯೆ ಹೆಚ್ಚಿತು.

ಆದರೆ ಈ ಗೌರವದ ಪಟ್ಟಿಯಲ್ಲಿ ಒಂದು ಸಂಗತಿ ಬಿಟ್ಟುಹೋಗುತ್ತದೆ. ರಾಜರು ಆ ನಾಯಿಯನ್ನು ಮೊದಲು ಕಂಡದ್ದು ಹಳ್ಳಿಗರ, ಬೇಟೆಗಾರರ ಕೈಯಲ್ಲಿ. ಬಯಲುಸೀಮೆಯ ಬಟ್ಟಬಯಲಿನಲ್ಲಿ ದೂರದ ಮೊಲವನ್ನು ಕಣ್ಣಿನಿಂದಲೇ ಗುರುತಿಸಿ, ಗಾಳಿಯಂತೆ ಓಡಿ ಹಿಡಿಯುವುದು ಅದರ ಕಸುಬು. ತೆಳುವಾದ ಸೊಂಟ, ಆಳವಾದ ಎದೆ, ಉದ್ದನೆಯ ಕಾಲು ಇವೆಲ್ಲ ಆ ಕಸುಬು ಕಡೆದ ಶಿಲ್ಪ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಬೇಟೆ ಅಪರಾಧವಾಯಿತು. ಆದದ್ದು ಸರಿಯೇ, ಕೃಷ್ಣಮೃಗಕ್ಕೂ ಬದುಕುವ ಹಕ್ಕುಂಟು. ಅಲ್ಲಿಂದೀಚೆಗೆ ಆ ನಾಯಿಗೆ ಉಳಿದ ಕೆಲಸವೆಂದರೆ ಹೊಲ, ಮನೆ, ಹಟ್ಟಿಗಳ ಕಾವಲು.

ಇಲ್ಲೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಮ್ಮೂರಿನ ಹಟ್ಟಿಗಳಲ್ಲಿ ರಾತ್ರಿಯಿಡೀ ಎದ್ದು ಕುರಿ ಕಾಯುತ್ತಿದ್ದ ನಾಯಿಗಳಲ್ಲಿ ಬಹುಪಾಲು ಮುಧೋಳ ತಳಿಯವಲ್ಲ. ಅವು ಹೆಸರಿಲ್ಲದ ನಾಟಿ ನಾಯಿಗಳು; ಕೆಲವಕ್ಕೆ ಮುಧೋಳದ ರಕ್ತ ಅಷ್ಟಿಷ್ಟು ಬೆರೆತಿದ್ದೀತು. ಅವುಗಳಿಗೆ ಅಂಚೆಚೀಟಿಯಿಲ್ಲ, ವಂಶಾವಳಿಯ ಪತ್ರವಿಲ್ಲ. ಜೋಳದ ನುಚ್ಚು, ಕುರಿಯ ಹಾಲು, ಯಜಮಾನನ ಕಂಬಳಿಯ ಅಂಚು ಇಷ್ಟೇ ಅವುಗಳ ಸಂಬಳ. ಹೆಮ್ಮೆ ಪಡಬೇಕಾದರೆ ಅವುಗಳಿಂದ ಆರಂಭಿಸೋಣ.

ನಾಯಿಯನ್ನು ಗೌರವಿಸುವ ಬಗೆಯನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೆನೆಯಿರಿ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ, ಆತ ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅದು ಕಾಳಿಯನ್ನು ನೆನೆಯುವುದು ತಳಿಗಾಗಿ ಅಲ್ಲ, ಮಾಡಿದ ಕೆಲಸಕ್ಕಾಗಿ. ಮೈಲಾರಲಿಂಗನ ಗೊರವಯ್ಯಗಳು ದೋಣಿ ಸೇವೆಯಲ್ಲಿ ತಾವೇ ದೇವರ ನಾಯಿಗಳಾಗಿ ಬೊಗಳುತ್ತ ಪ್ರಸಾದ ಸ್ವೀಕರಿಸುವುದನ್ನು ಕಂಡವರಿಗೂ ಇದು ತಿಳಿದೀತು. ಅಲ್ಲಿ ನಾಯಿಯೆಂದರೆ ಅಲಂಕಾರವಲ್ಲ, ನಿಷ್ಠೆಯ ದುಡಿಮೆ.

ಈಗ ಆಮ್ಸ್ಟೆಲ್‌ವೀನ್‌ನ ಮೂರನೆಯ ಮಹಡಿಯ ಮನೆಗೆ ಬರೋಣ. ಭಾರತದಿಂದ ನಾಯಿ ತರುವುದು ಅಸಾಧ್ಯವೇನಲ್ಲ. ಮೈಕ್ರೋಚಿಪ್ ಹಾಕಿಸಿ, ರೇಬಿಸ್ ಲಸಿಕೆ ಕೊಡಿಸಿ, ಕನಿಷ್ಠ 30 ದಿನಗಳ ಬಳಿಕ ರಕ್ತಪರೀಕ್ಷೆ ಮಾಡಿಸಿ, ಅನಂತರ ಮತ್ತೆ ಮೂರು ತಿಂಗಳು ಕಾದರೆ ಐರೋಪ್ಯ ಒಕ್ಕೂಟದೊಳಗೆ ಬರಬಹುದು. ಕಾಗದಪತ್ರದ ಕಷ್ಟವನ್ನು ನಮ್ಮ ಜನ ಹೇಗೋ ದಾಟುತ್ತಾರೆ. ಕಾಗದದಲ್ಲಿಲ್ಲದ ಕಷ್ಟವೇ ನಿಜವಾದದ್ದು. ಬಯಲಿನ ಓಟಕ್ಕೆ ಹುಟ್ಟಿದ, ಮೈಮೇಲೆ ತೆಳುಗೂದಲಿನ ಆ ಪ್ರಾಣಿ ನವೆಂಬರಿನ ಜಿಟಿಜಿಟಿ ಮಳೆಯಲ್ಲಿ ಹಗ್ಗ ಹಿಡಿಸಿಕೊಂಡು ದಿನಕ್ಕೆ ಎರಡು ಬಾರಿ ರಸ್ತೆ ಸುತ್ತಿ ಬರಬೇಕು. ಮನೆಯವರು ಕಚೇರಿಗೆ ಹೋದಾಗ ಗೋಡೆ ನೋಡುತ್ತ ಕೂರಬೇಕು. ಹಗ್ಗ ಬಿಚ್ಚೋಣವೆಂದರೆ, ಊರ ದಕ್ಷಿಣಕ್ಕಿರುವ ಬೋವೆನ್‌ಕೆರ್ಕರ್ ಪೋಲ್ಡರ್‌ನಲ್ಲಿ ಮೊಲಗಳಿವೆ, ನೆಲದ ಮೇಲೆಯೇ ಗೂಡು ಕಟ್ಟುವ ಗ್ರುಟ್ಟೋ ಹಕ್ಕಿಗಳಿವೆ. ಮೊಲ ಕಣ್ಣಿಗೆ ಬಿದ್ದ ಮೇಲೆ ಮುಧೋಳ ನಾಯಿಯನ್ನು ಕೂಗಿ ನಿಲ್ಲಿಸಬಲ್ಲೆವೆಂದು ಹೇಳುವವರು ಆ ನಾಯಿಯನ್ನು ಅರಿತವರಲ್ಲ. ಡಚ್ಚರು ರಾಷ್ಟ್ರಪಕ್ಷಿಯೆಂದು ಆರಿಸಿಕೊಂಡ ಹಕ್ಕಿಯ ಮರಿಗಳ ಮೇಲೆ ನಮ್ಮ ಹೆಮ್ಮೆಯನ್ನು ಛೂ ಬಿಡುವುದು ಯಾವ ಅಭಿಮಾನ?

ಇನ್ನೊಂದು ಅಪಾಯವಿದೆ. ಕೆಲಸದ ನಾಯಿ ಶೋಕಿಯ ನಾಯಿಯಾದಾಗ, ಅದರ ಮೈಕಟ್ಟನ್ನು ಕೆಲಸದ ಬದಲು ಕೊಳ್ಳುವವರ ಕಣ್ಣು ನಿರ್ಧರಿಸುತ್ತದೆ. ಯೂರೋಪಿನಲ್ಲಿ ಆದದ್ದನ್ನು ನೋಡಿ. ಚಪ್ಪಟೆ ಮೂತಿ ಮುದ್ದಾಗಿದೆಯೆಂದು ಮೂತಿಯನ್ನು ಕುಗ್ಗಿಸುತ್ತ ಹೋದರು. ಕೊನೆಗೆ ಉಸಿರಾಟಕ್ಕೇ ಸಂಚಕಾರ ಬಂದು, ಮೂತಿಯ ಉದ್ದ ತಲೆಬುರುಡೆಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿರುವ ನಾಯಿಗಳಿಂದ ಮರಿ ಹಾಕಿಸಬಾರದೆಂಬ ನಿಯಮವನ್ನು 2019ರಿಂದ ನೆದರ್‌ಲ್ಯಾಂಡ್ಸ್ ಜಾರಿಗೊಳಿಸಬೇಕಾಯಿತು. ಮುಧೋಳ ನಾಯಿಗೂ ಆ ಗತಿ ಬಾರದಿರಲಿ. ಸ್ವಂತ ಜಮೀನಿದ್ದು, ದಿನವೂ ಅದನ್ನು ಓಡಿಸಬಲ್ಲವರು ಸಾಕಿದರೆ ನಮ್ಮ ತಕರಾರಿಲ್ಲ. ಅಂಥ ಸದಸ್ಯರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಇನ್ನು ತೋಳದ ಮಾತು. ನಮ್ಮ ಅಜ್ಜನ ಕಾಲದ ಒಂದು ರಾತ್ರಿ ನಮಗೆ ಚೆನ್ನಾಗಿ ನೆನಪಿದೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಹೊಲದ ಒಡೆಯ ಅದಕ್ಕೆ ಪ್ರತಿಯಾಗಿ ಜೋಳ ಅಳೆಯುತ್ತಿದ್ದ. ನಸುಕಿನಲ್ಲಿ ನಾಯಿಗಳು ಒಮ್ಮೆಲೇ ಗದ್ದಲವೆಬ್ಬಿಸಿದವು. ಎದ್ದು ಎಣಿಸಿದಾಗ ಒಂದು ಮರಿ ಕಡಿಮೆ. ನಾವು ಅಳುತ್ತಿದ್ದೆವು. ಅಜ್ಜ ಹೇಳಿದ್ದು ಇಷ್ಟು: ‘ಅದರ ಪಾಲು ಅದು ಒಯ್ದೈತಿ, ಬಿಡ್ರಿ.’ ಆದರೆ ಮರುದಿನ ರಾತ್ರಿ ಅವರು ಮಲಗಲಿಲ್ಲ. ಬಲೆಯನ್ನು ಬಿಗಿಯಾಗಿ ಕಟ್ಟಿ, ನಾಯಿಗಳನ್ನು ಗಾಳಿ ಬೀಸುವ ಕಡೆಗೆ ಬಿಟ್ಟು, ಬೆಂಕಿಯ ಬಳಿ ಕಂಬಳಿ ಹೊದ್ದು ಕುಳಿತರು. ತೋಳಕ್ಕೊಂದು ಪಾಲುಂಟು ಎನ್ನುವುದು ಒಂದು ಮಾತು. ಆ ಪಾಲು ಬೆಳೆಯದಂತೆ ಎಚ್ಚರವಿರುವುದು ಇನ್ನೊಂದು ಮಾತು. ಈ ಎರಡೂ ಕೂಡಿದರೆ ಕುರಿಗಾಹಿಯ ಧರ್ಮ. ನಾಯಿಯ ಕೆಲಸವೂ ತೋಳವನ್ನು ಕೊಲ್ಲುವುದಲ್ಲ. ಈ ಹಟ್ಟಿಯಲ್ಲಿ ಜನ ಎಚ್ಚರವಿದ್ದಾರೆಂದು ಅದಕ್ಕೆ ತಿಳಿಸುವುದು.

ಎಲ್ಲ ಕುರಿಗಾಹಿಗಳೂ ಸಂತರೆಂದು ನಾವು ಹೇಳುತ್ತಿಲ್ಲ. ಗವಿಗೆ ಹೊಗೆ ಹಾಕಿ ತೋಳದ ಮರಿಗಳನ್ನು ಕೊಂದವರಿದ್ದಾರೆ, ಸತ್ತ ಕುರಿಗೆ ವಿಷವಿಟ್ಟವರಿದ್ದಾರೆ. ಹಳ್ಳಕ್ಕೆ ಬಿದ್ದ ತೋಳನಿಗೆ ಆಳಿಗೊಂದು ಕಲ್ಲು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ನಮ್ಮ ನಾಯಿಗಳೂ ನಿರಪರಾಧಿಗಳಲ್ಲ. ಯಾರ ಅಂಕೆಯೂ ಇಲ್ಲದ ಬೀಡಾಡಿ ನಾಯಿಗಳ ಗುಂಪು ನರಿಯನ್ನು, ಜಿಂಕೆಯ ಮರಿಯನ್ನು ಅಟ್ಟಾಡಿಸಿ ಕೊಲ್ಲುತ್ತದೆ, ರೋಗ ಹರಡುತ್ತದೆ, ತೋಳದ ಸಂಗಡ ಕೂಡಿ ಬೆರಕೆ ಮರಿಗಳನ್ನು ಹುಟ್ಟಿಸುತ್ತದೆ. ಪುಣೆಯ ಸಮೀಪ ಅಂಥ ಬೆರಕೆ ವಂಶವಾಹಿ ಪರೀಕ್ಷೆಯಿಂದಲೇ ದೃಢಪಟ್ಟಿದೆ. ಆದ್ದರಿಂದಲೇ ಒಡೆಯನುಳ್ಳ, ಕೆಲಸವುಳ್ಳ ನಾಯಿಗೂ ಬಿಟ್ಟಿ ತಿರುಗುವ ನಾಯಿಗೂ ಇರುವ ಅಂತರವನ್ನು ಕಾಣದೆ ‘ಶ್ವಾನಪ್ರೇಮ’ದ ಭಾಷಣ ಮಾಡುವುದು ವನ್ಯಜೀವಿಗೆ ಬಗೆದ ದ್ರೋಹ.

ಕರ್ನಾಟಕದಲ್ಲಿ ತೋಳಕ್ಕೆಂದು 1974ರಲ್ಲಿ ಮೇಲುಕೋಟೆಯ ಅಭಯಾರಣ್ಯವಾಯಿತು. ಈಚೆಗೆ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ 332 ಎಕರೆಯ ತೋಳಧಾಮವಾಯಿತು. ಎರಡೂ ಸ್ವಾಗತಾರ್ಹ. ಆದರೆ ನಮ್ಮ ತೋಳಗಳಲ್ಲಿ ಹೆಚ್ಚಿನವು ಬದುಕುವುದು ಧಾಮಗಳಲ್ಲಲ್ಲ. ಕುರಿಗಳು ಮೇಯುವ ಹುಲ್ಲುಗಾವಲು, ಕುರುಚಲು ಗುಡ್ಡ, ಬೀಳುಹೊಲಗಳಲ್ಲಿ. ಸರ್ಕಾರದ ಕಡತಗಳು ಇಂಥ ನೆಲವನ್ನು ಬಹುಕಾಲದಿಂದ ‘ಬಂಜರು’ ಎಂದೇ ಕರೆದಿವೆ. ಬಂಜರೆಂದ ಮೇಲೆ ಅಲ್ಲಿ ನೀಲಗಿರಿ ನೆಡಬಹುದು, ಕಾರ್ಖಾನೆ ಕಟ್ಟಬಹುದು, ಸೌರಫಲಕ ಹಾಸಬಹುದು, ಕೇಳುವವರಿಲ್ಲ. ಗೋಮಾಳ ಹೋದಂತೆ ಕುರಿ ಹೋಗುತ್ತದೆ, ಕುರಿ ಹೋದಂತೆ ನಾಯಿಯ ಕೆಲಸ ಹೋಗುತ್ತದೆ, ತೋಳದ ಅನ್ನವೂ ಹೋಗುತ್ತದೆ. ಕುರಿ ಸತ್ತರೆ ಪರಿಹಾರ ಕೊಡುವ ‘ಅನುಗ್ರಹ’ ಯೋಜನೆಯೇನೋ ಇದೆ. ಊರಿನಿಂದ ನೂರಾರು ಕಿಲೋಮೀಟರ್ ದೂರದ ಪರಸ್ಥಳದ ಹೊಲದಲ್ಲಿ ಕುರಿ ಸತ್ತಾಗ ವೈದ್ಯರನ್ನು ಹುಡುಕಿ ಕಾಗದ ಮಾಡಿಸುವ ಹೊತ್ತಿಗೆ ಮಂದೆ ಮುಂದಿನ ಊರು ಸೇರಿರುತ್ತದೆ.

ಈ ಹಿನ್ನೆಲೆಯಿಂದ ಡಚ್ ಕುರಿಸಾಕಣೆದಾರನನ್ನು ನೋಡಿದರೆ ಅವನನ್ನು ಹಂಗಿಸಲು ಮನಸ್ಸು ಬಾರದು. ಇಲ್ಲಿ ಸುಮಾರು 150 ವರ್ಷ ತೋಳವಿರಲಿಲ್ಲ. 2015ರಲ್ಲಿ ಜರ್ಮನಿಯ ಕಡೆಯಿಂದ ಒಂದು ಬಂದುಹೋಯಿತು, 2018ರಲ್ಲಿ ಹೆಣ್ಣುತೋಳವೊಂದು ವೇಲುವೆಯಲ್ಲಿ ನೆಲೆಯಾಯಿತು, ಮರುವರ್ಷವೇ ಮರಿಗಳಾದವು. ಐದಾರು ತಲೆಮಾರುಗಳಲ್ಲಿ ಮರೆತುಹೋದ ವಿದ್ಯೆಯನ್ನು ಒಂದು ರಾತ್ರಿಯಲ್ಲಿ ಕಲಿಯೆಂದರೆ ಹೇಗೆ? ಎರ್ಮೆಲೋ ಬಯಲಿನಲ್ಲಿ ಕುರಿ ಮೇಯುವುದನ್ನು ನಮ್ಮಲ್ಲಿ ಅನೇಕರು ಮಕ್ಕಳಿಗೆ ತೋರಿಸಿದ್ದೇವೆ. ಇಂಥ ಬಯಲುಗಳಲ್ಲಿ ಕುರಿಗಾರನ ಜೊತೆಗಿರುವುದು ಸಾಮಾನ್ಯವಾಗಿ ಬಾರ್ಡರ್ ಕಾಲಿ. ಅದು ಕುರಿಯನ್ನು ನಡೆಸುವ ನಾಯಿ, ಕಾಯುವ ನಾಯಿಯಲ್ಲ. ಕಾಯುವ ನಾಯಿಗಳನ್ನು ತರೋಣವೆಂದರೆ, ಸೈಕಲ್ ಸವಾರರೂ ವಿಹಾರಿಗಳೂ ತುಂಬಿದ ಈ ಪುಟ್ಟ ದೇಶದಲ್ಲಿ ಅವು ಅಪರಿಚಿತರಿಗೆ ಹಲ್ಲು ತೋರಿಸಿದರೆ ಯಾರು ಹೊಣೆ? ವಿದ್ಯುತ್ ಬೇಲಿಗೆ ದುಡ್ಡಷ್ಟೇ ಅಲ್ಲ, ದಿನದಿನದ ದುಡಿಮೆಯೂ ಬೇಕು.

ಆದರೆ ಇಲ್ಲಿ ಒಂದು ವಿವೇಕವಿದೆ, ಅದನ್ನು ನಾವು ಊರಿಗೆ ಒಯ್ಯಬೇಕು. ಬಯಲಿನ ಹೀದರ್ ಗಿಡಗಳು ಉಳಿಯಬೇಕಾದರೆ ಕುರಿ ಮೇಯಲೇಬೇಕೆಂದು ತಿಳಿದು, ಮೇಯಿಸುವುದಕ್ಕಾಗಿಯೇ ಕುರಿಗಾರನಿಗೆ ಹಣ ಕೊಡುವ ಪದ್ಧತಿ ಇಲ್ಲುಂಟು. ಅವನು ಇಲ್ಲಿ ನಿಸರ್ಗದ ಸೇವಕ. ನಮ್ಮಲ್ಲಿ ಅವನೇ ಅರಣ್ಯದ ಅಂಚಿನಿಂದ ಓಡಿಸಲ್ಪಡುವ ಅತಿಕ್ರಮಣಕಾರ. ಪ್ರತಿಯಾಗಿ ನಾವು ಇಲ್ಲಿಯವರಿಗೆ ಹೇಳಬಹುದಾದದ್ದೂ ಒಂದಿದೆ: ತೋಳದ ಜೊತೆ ಬಾಳುವುದು ಸಾಧ್ಯ, ಆದರೆ ಕುರಿಗಳ ನಡುವೆ ಮನುಷ್ಯ ಮಲಗಬೇಕು. 2025ರಲ್ಲಿ ಐರೋಪ್ಯ ಒಕ್ಕೂಟವು ತೋಳದ ರಕ್ಷಣೆಯ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿತು. ಇದರಿಂದ ಬಂದೂಕಿನ ಚರ್ಚೆ ಸುಲಭವಾದೀತು. ಕಾವಲಿನ ವಿದ್ಯೆ ತಾನಾಗಿ ಬಾರದು.

ಸದಸ್ಯ ಮಿತ್ರರಲ್ಲಿ ನಮ್ಮ ಬಿನ್ನಹ ಮೂರು. ಒಂದು, ಮುಧೋಳದ ಮರಿಯನ್ನು ಆಮ್ಸ್ಟೆಲ್‌ವೀನ್‌ನ ಮಹಡಿಮನೆಗೆ ತರಬೇಡಿ. ಆ ಹಣದಲ್ಲಿ ಡೆಕ್ಕನಿ ಕುರಿಯ ಉಣ್ಣೆಯ ಕರಿಕಂಬಳಿಗಳನ್ನು ಕೊಂಡು ತನ್ನಿ. ಒಂದು ಕಂಬಳಿ ಮಾರಾಟವಾದರೆ ಒಂದು ಮಂದೆಗೆ ಅಷ್ಟು ಬಲ. ಎರಡು, ಊರಿಗೆ ಹೋದಾಗ ಮಾಲ್‌ಗಳ ನಡುವೆ ಒಂದು ಸಂಜೆ ಬಿಡುವು ಮಾಡಿಕೊಂಡು, ಹೊಲದಲ್ಲಿ ತರುಬಿದ ಕುರಿಮಂದೆಯ ಬಳಿಗೆ ಮಕ್ಕಳನ್ನು ಕರೆದೊಯ್ಯಿರಿ. ಆಮ್ಸ್ಟರ್ಡಾಮ್ಸೆ ಬೋಸ್‌ನ ಮೇಕೆ ಫಾರ್ಮಿನಲ್ಲಿ ಬಾಟಲಿಯಿಂದ ಮರಿಗೆ ಹಾಲುಣಿಸುವ ಮಗು, ಹಟ್ಟಿಯ ಅಜ್ಜನ ಪಕ್ಕದಲ್ಲೂ ಒಂದು ಗಳಿಗೆ ಕೂರಲಿ. ಅವರನ್ನು ‘ಅಜ್ಜಾರ’ ಎಂದು ಕರೆಯಲಿ. ಮೂರು, ನಮ್ಮೂರ ಗೋಮಾಳ ಯಾರದೋ ಕಡತದಲ್ಲಿ ಬಂಜರೆಂದು ಬರೆಯಲ್ಪಟ್ಟಾಗ, ನಾಯಿಯ ಚಿತ್ರಕ್ಕೆ ಒತ್ತುವಷ್ಟೇ ಬೇಗ ಅದಕ್ಕೂ ದನಿಯೆತ್ತಿ.

ಮರಿ ತರಿಸಲು ಹೊರಟಿದ್ದ ಆ ಕುಟುಂಬದ ಮೇಲೆ ನಮಗೆ ಕೋಪವಿಲ್ಲ. ಅವರ ಆಸೆಯ ಬುಡದಲ್ಲಿರುವುದು ನಮ್ಮೆಲ್ಲರಲ್ಲೂ ಇರುವ ಊರಿನ ಹಂಬಲವೇ. ಆದರೆ ಊರು ನಾಯಿಯ ಕೊರಳಿಗೆ ಕಟ್ಟಿ ತರುವ ವಸ್ತುವಲ್ಲ. ಅದು ಈ ರಾತ್ರಿಯೂ ಯಾವುದೋ ಹೊಲದಲ್ಲಿ ಕಂಬಳಿ ಹೊದ್ದು ಎಚ್ಚರವಾಗಿ ಕುಳಿತಿದೆ, ಪಕ್ಕದಲ್ಲಿ ಹೆಸರಿಲ್ಲದ ಒಂದು ನಾಯಿ.